ಮಂಟಪದ ಬಯೋಸ್ಕೋಪು

ಹಲಸೂರು ಕೆರೆಯ ಏರಿಯ ಮೇಲಿದ್ದ ನಾಲ್ಕು ಕಂಬದ ಮಂಟಪಕ್ಕೆ ಚರಿತ್ರೆಯಿದೆ ಎಂಬುದು ಗೋಲಿ ಸೋಡಾ ಮುನಿಕೃಷ್ಣಪ್ಪನಿಗೆ ಹೊಳೆದದ್ದು ಅದನ್ನು ಕೆಡವುತ್ತಾರೆ ಎಂದು ತಿಳಿದ ಗಳಿಗೆಯಲ್ಲಿ. ಅಲ್ಲಿಯವರೆಗೆ ಅದಕ್ಕೆ ನೆರಳಿತ್ತು, ಅಷ್ಟೆ. ಆ ನೆರಳಿನಲ್ಲಿ ಅವನ ಸೋಡಾ ಸೀಸೆಗಳು ಒದ್ದೆ ಮರಳಿನೊಳಗೆ ತಣ್ಣಗೆ ನಿಂತಿರುತ್ತಿದ್ದವು. ಹಳ್ಳಿಗಳಿಂದ ಬ್ರಿಟಿಷರ ದಂಡಿಗೆ ಹಾಲು, ಹುಲ್ಲು, ಕಲ್ಲು ಸಾಗಿಸುವವರೆಲ್ಲ ಅಲ್ಲಿ ಹೊರೆ ಇಳಿಸಿ, ಬೆವರು ಒರೆಸಿಕೊಂಡು, ಊರಿನ ಸುದ್ದಿಯನ್ನು ಬಿಟ್ಟು ಪೇಟೆಯ ಸುದ್ದಿಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಒಂದು ಕಂಬದ ಮೇಲೆ ಕೊಡ ಹೊತ್ತ ಮನುಷ್ಯನೊಬ್ಬನ ಕೆತ್ತನೆಯಿತ್ತು. ಅವನು ಯಾರೆಂದು ಯಾರೂ ಕೇಳಿರಲಿಲ್ಲ. ಕೊಡ ಹೊತ್ತವರನ್ನು ಯಾರೆಂದು ಕೇಳುವ ವಾಡಿಕೆ ಹಲಸೂರಿನಲ್ಲಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ವಿಮಾನದ ಕಾರ್ಖಾನೆಯ ಕಡೆ ಹೋಗುವ ಮಿಲಿಟರಿ ಲಾರಿಗಳಿಗೆ ಏರಿಯ ತಿರುವು ಸಾಲದೆ ಬಂತು. ಹೀಗಾಗಿ ಒಂದು ಮಧ್ಯಾಹ್ನ ಓವರ್‌ಸೀಯರ್ ತಂಗವೇಲು ಮೊದಲಿಯಾರರು ಸೈಕಲ್ಲಿನಿಂದ ಇಳಿದು, ಟೋಪಿ ತೆಗೆದು, ಒಂದು ಸೋಡಾ ಕುಡಿದು, ಅಳತೆ ಪಟ್ಟಿಯನ್ನು ಕಂಬದಿಂದ ಕಂಬಕ್ಕೆ ಹಿಡಿಸಿದರು.

"ಏನು ಸ್ವಾಮಿ ಇದು?" ಎಂದ ಮುನಿಕೃಷ್ಣಪ್ಪ.

"ಮಂಟಪ," ಎಂದರು ಮೊದಲಿಯಾರರು. "ಅಮಾವಾಸ್ಯೆ ಆದ್ಮೇಲೆ ರೋಡು."

"ಕೆಡವೋ ಹಾಗಿಲ್ಲ ಸ್ವಾಮಿ! ಇದಕ್ಕೆ ಚರಿತ್ರೆ ಇದೆ!"

"ಅಪ್ಪಡಿಯಾ? ಯಾವ ಚರಿತ್ರೆ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಮುನಿಕೃಷ್ಣಪ್ಪ ಅದನ್ನು ನಿರೀಕ್ಷಿಸಿರಲಿಲ್ಲ. ಸುತ್ತ ಜನ ಸೇರಿದ್ದರು. ಸೊಪ್ಪು ಮಾರುವ ಮಾರಕ್ಕ ಬುಟ್ಟಿ ಕೆಳಗಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು. ಇಷ್ಟು ಜನರೆದುರು ಗೊತ್ತಿಲ್ಲ ಎನ್ನುವುದು ಸೋಡಾ ವ್ಯಾಪಾರಿಗೆ ಶೋಭೆಯಲ್ಲ. ಸಂಕ್ರಾಂತಿಯ ಹೊತ್ತಿಗೆ ಅವನು ದಂಡಿನ ಟಾಕೀಸೊಂದರಲ್ಲಿ ಒಂದು ಚಿತ್ರ ನೋಡಿದ್ದ. ಭಾಷೆ ಹಿಂದುಸ್ತಾನಿಯಾದ್ದರಿಂದ ಕಥೆ ತಿಳಿದಿರಲಿಲ್ಲ. ಆದರೆ ಪಾಳೆಯಗಾರನೊಬ್ಬ ನಾಲ್ಕು ಕಂಬದ ಮಂಟಪದಲ್ಲಿ ನಿಂತು ಕತ್ತಿ ಎತ್ತಿ ಬಹಳ ಹೊತ್ತು ಕೂಗಾಡಿದ್ದು ನೆನಪಿತ್ತು.

"ಸಿನಿಮಾದಲ್ಲಿ ಬಂದಿದೆ ಸ್ವಾಮಿ. ಈ ಮಂಟಪವೇ. ಪಾಳೆಯಗಾರ ಇಲ್ಲೇ ನಿಂತು ಆಣೆ ಮಾಡಿದ್ದು."

"ಇಲ್ಲೇ?"

"ನೀವು ನಿಂತಿರೋ ಜಾಗದಲ್ಲೇ."

ಮೊದಲಿಯಾರರು ಕಾಲನ್ನು ಸ್ವಲ್ಪ ಪಕ್ಕಕ್ಕೆ ಇಟ್ಟರು. ಅವರು ಕೆಟ್ಟ ಮನುಷ್ಯರಲ್ಲ. "ನೋಡಪ್ಪಾ, ನಮ್ಮ ಇಂಜಿನಿಯರ್ ದೊರೆಗೆ ಹಳೇ ಕಲ್ಲು ಅಂದ್ರೆ ಸ್ವಲ್ಪ ಹುಚ್ಚು. ಅಮಾವಾಸ್ಯೆ ಒಳಗೆ ಆ ಸಿನಿಮಾ ತೋರ್ಸು. ಜನರೂ ನೋಡ್ಲಿ, ನಾನೂ ನೋಡ್ತೀನಿ. ಇದೇ ಮಂಟಪ ಆದ್ರೆ ಹೋಗಿ ಹೇಳ್ತೀನಿ. ಇಲ್ಲಾಂದ್ರೆ ಹಾರೆ ಬರುತ್ತೆ."

ಸೋಡಾದ ಕಾಸು ಕೊಡದೆ ಅವರು ಸೈಕಲ್ ಹತ್ತಿದರು. ಮುನಿಕೃಷ್ಣಪ್ಪನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವನು 'ಹಲಸೂರು ಚರಿತ್ರಸಂರಕ್ಷಣಾ ಬಯೋಸ್ಕೋಪ್ ಸಂಘ'ದ ಅಧ್ಯಕ್ಷನಾಗಿಬಿಟ್ಟಿದ್ದ. ಸದಸ್ಯರು ಇನ್ನೂ ಬರಬೇಕಾಗಿತ್ತು.

ಮೊದಲ ಸದಸ್ಯೆಯಾಗಲು ಹೆಂಡತಿ ಪಿಳ್ಳಮ್ಮ ಒಪ್ಪಲಿಲ್ಲ.

"ಆ ಚಿತ್ರ ನೋಡುವಾಗ ನೀವು ಅರ್ಧಕ್ಕರ್ಧ ಗೊರಕೆ ಹೊಡೀತಿದ್ರಿ. ಪಕ್ಕದೋರು ನನಗೆ ಬೈದ್ರು."

"ಮಂಟಪ ಬಂದಾಗ ಎದ್ದಿದ್ದೆ ಕಣೇ."

"ಕುದುರೆ ಕೆನೆದಿದ್ದಕ್ಕೆ ಎದ್ರಿ. ಎದ್ದು 'ಎಲ್ಲಿದೀವಿ' ಅಂದ್ರಿ."

"ಎಲ್ಲಿದೀವಿ ಅಂದೆ ಯಾಕೆ? ನಮ್ಮ ಹಲಸೂರು ಕಂಡಂಗಾಯ್ತು, ಅದಕ್ಕೇ!"

ಇಂಥ ತರ್ಕಕ್ಕೆ ಪಿಳ್ಳಮ್ಮ ಸೌಟು ಎತ್ತಿದಳು. ಒಲೆಯ ಮೇಲೆ ಸಾರು ಉಕ್ಕುತ್ತಿದ್ದುದರಿಂದ ಅದು ಸಾರಿನ ಕಡೆ ತಿರುಗಿತು.

ಮುನಿಕೃಷ್ಣಪ್ಪ ಮರುದಿನವೇ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಹೋದ. ಅಲ್ಲಿ ಸನಾವುಲ್ಲಾ ಎಂಬಾತ ಬಯೋಸ್ಕೋಪ್ ಯಂತ್ರವನ್ನು ಬಾಡಿಗೆಗೆ ಕೊಡುತ್ತಿದ್ದ. ಟಾಕೀಸುಗಳಿಗೆ ಗಾಜಿನ ಸ್ಲೈಡು ಬರೆಯುವವನೂ ಅವನೇ. ಬೀಡಿ, ಸೋಪು, ಹಲ್ಲುಪುಡಿ ಎಲ್ಲವೂ ಅವನ ಕುಂಚದಿಂದಲೇ ಹೊರಟು ಪರದೆಗೆ ಏರುತ್ತಿದ್ದವು.

"ಆ ಚಿತ್ರನಾ? ಇದೆ ಸಾಬ್. ಪೆಟ್ಟಿಗೆ ಇಲ್ಲೇ ಇದೆ. ಲೇಕಿನ್ ಮಿಷಿನ್ನು, ಪರದೆ, ಎಣ್ಣೆ ಇಂಜಿನ್ನು, ಎತ್ತಿನ ಗಾಡಿ..." ಸನಾವುಲ್ಲಾ ಹೇಳಿದ ಮೊತ್ತ ಕೇಳಿ ಮುನಿಕೃಷ್ಣಪ್ಪ ಬಾಗಿಲ ಕಡೆ ತಿರುಗಿದ.

"ಅರೇ, ಕೂತ್ಕೊಳ್ಳಿ! ನೀವ್ಯಾಕೆ ಕೊಡ್ಬೇಕು? ಊರೋರು ಕೊಡ್ಲಿ. ಕೊಟ್ಟೋರ ಹೆಸ್ರು ನಾನು ಸ್ಲೈಡಲ್ಲಿ ಬರೀತೀನಿ. ಪಿಕ್ಚರ್ ಮುಂಚೆ ಬಿಡೋಣ. ಯುದ್ಧನಿಧಿಗೆ ಹಂಗೇ ಅಲ್ವಾ ಮಾಡಿದ್ದು?"

ಯುದ್ಧನಿಧಿಯ ಮಾತು ಇಲ್ಲಿ ಬಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ಹಿಂದಿನ ವರ್ಷ ದಂಡಿನ ಟಾಕೀಸಿನಲ್ಲಿ ಯುದ್ಧನಿಧಿಗೆ ಕೊಟ್ಟವರ ಹೆಸರುಗಳನ್ನು ಚಕ್ರವರ್ತಿಗಳ ಚಿತ್ರದ ಬೆನ್ನಿಗೇ ತೋರಿಸಿದ್ದರು. ಅವರಲ್ಲೊಬ್ಬ ಚರ್ಮದ ಮಂಡಿಯವನಿಗೆ ಮರುತಿಂಗಳು ಕೋವಿಯ ಲೈಸೆನ್ಸು ಸಿಕ್ಕಿತು. ಅವನು ಅದಕ್ಕಾಗಿ ವರ್ಷಗಟ್ಟಲೆ ಅಲೆದಿದ್ದ ಎಂಬುದನ್ನು ಹಲಸೂರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪರದೆಯ ಮೇಲೆ ಬಂದದ್ದು ಸರ್ಕಾರದ ಕಣ್ಣಿಗೆ ಬಿದ್ದ ಹಾಗೆ, ಸರ್ಕಾರದ ಕಣ್ಣಿಗೆ ಬಿದ್ದದ್ದು ರಿಜಿಸ್ಟರ್ ಆದ ಹಾಗೆ ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಈ ತೀರ್ಮಾನ ಮುನಿಕೃಷ್ಣಪ್ಪನಿಗೆ ಗೊತ್ತಿರಲಿಲ್ಲ. ಊರು ತೀರ್ಮಾನ ಮಾಡುವಾಗ ಅವನು ಸಾಮಾನ್ಯವಾಗಿ ಸೀಸೆ ತೊಳೆಯುತ್ತಿರುತ್ತಿದ್ದ.

ಅವನು ಚಂದಾ ಎತ್ತಲು ಹೊರಟ. ಚರಿತ್ರೆ ಎಂದ ಕೂಡಲೆ ಜನ ಒಳಗೆ ಕೆಲಸವಿದೆ ಎನ್ನುತ್ತಿದ್ದರು. ಕಡೆಗೆ ಸೌದೆ ಡಿಪೋದ ಚಿಕ್ಕವೆಂಕಟಪ್ಪನವರ ಮುಂದೆ ನಿಂತ. ಚಿಕ್ಕವೆಂಕಟಪ್ಪನವರು ಹಲಸೂರಿನಲ್ಲಿ ಮಾತಿಗೆ ತೂಕವಿದ್ದ ಮನುಷ್ಯ. ಸೌದೆಗೆ ಅಷ್ಟು ತೂಕವಿರಲಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು.

"ಸ್ಲೈಡು ಅಂದ್ಯಾ?" ಅವರು ಮೀಸೆ ಮುಟ್ಟಿಕೊಂಡರು. "ಪರದೆ ತುಂಬಾ ಬರುತ್ತಾ?"

"ತುಂಬಾ ಬರುತ್ತೆ ಯಜಮಾನ್ರೇ."

"ಓವರ್‌ಸೀಯರ್ ನೋಡ್ತಾರಾ?"

"ಮುಂದಿನ ಕುರ್ಚೀಲೇ ಕೂತು ನೋಡ್ತಾರೆ."

"ಹಂಗಾದ್ರೆ ಬರೀ ಹೆಸರು ಬೇಡ. 'ಈ ಮಂಟಪವನ್ನು ಕಟ್ಟಿಸಿದವರು ಚಿಕ್ಕವೆಂಕಟಪ್ಪನವರ ಮುತ್ತಾತ' ಅಂತ ಹಾಕ್ಸು. ಎಣ್ಣೆ ಇಂಜಿನ್ನಿನ ಖರ್ಚು ಪೂರ್ತಿ ನಂದು."

ಮುನಿಕೃಷ್ಣಪ್ಪ ತಲೆ ಕೆರೆದುಕೊಂಡ. ಮಂಟಪವನ್ನು ಯಾರೋ ಒಬ್ಬರು ಕಟ್ಟಿಸಿರಲೇಬೇಕು. ಆ ಯಾರೋ ಯಾರದೋ ಮುತ್ತಾತನಾಗಿರಲೇಬೇಕು. ಇವರದ್ದೇ ಆಗಿದ್ದರೆ ತಪ್ಪೇನು? "ಆಗಲಿ ಯಜಮಾನ್ರೇ," ಎಂದುಬಿಟ್ಟ.

ಈ ಸುದ್ದಿ ಅವನಿಗಿಂತ ಮುಂಚೆ ಮಂಟಪ ತಲುಪಿತ್ತು. ಮಾರಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಿದ್ದಳು.

"ಏನ್ಲಾ ಮುನಿಕಿಟ್ಣ! ನಾನು ಕೂರೋ ಜಾಗನ ಆ ಸೌದೆಯೋನಿಗೆ ರಿಜಿಸ್ಟರ್ ಮಾಡ್ಕೊಡ್ತೀಯಂತೆ?"

"ರಿಜಿಸ್ಟರ್ ಅಲ್ಲ ಮಾರಕ್ಕ, ಸ್ಲೈಡು."

"ಎರಡೂ ಒಂದೇ ಅಂತ ನಂಗೊತ್ತಿಲ್ವಾ? ಚರ್ಮದ ಮಂಡಿಯೋನಿಗೆ ಕೋವಿ ಹೆಂಗ್ ಬಂತು ಹೇಳು! ಕೇಳಿಸ್ಕೋ. ಈ ಮಂಟಪ ಕಟ್ಟಿಸಿದ್ದು ನಮ್ಮಜ್ಜಿ. ಸೊಪ್ಪು ಮಾರಿ ಮಾರಿ ಕಟ್ಟಿಸಿದ್ಲು."

"ಸೊಪ್ಪು ಮಾರಿ ಕಲ್ಲಿನ ಮಂಟಪಾನಾ?"

"ಆಗ ಸೊಪ್ಪಿಗೆ ಬೆಲೆ ಇತ್ತು," ಎಂದಳು ಮಾರಕ್ಕ. ಸೆರಗಿನ ಗಂಟು ಬಿಚ್ಚಿ ಅವನ ಕೈಗೆ ಚಂದಾ ತುರುಕಿದಳು. ಕೈಗೆ ಬಿದ್ದದ್ದನ್ನು ಹಿಂದಕ್ಕೆ ಕೊಡುವ ಧೈರ್ಯ ಹಲಸೂರಿನಲ್ಲಿ ಯಾರಿಗೂ ಇರಲಿಲ್ಲ. ಮಾರಕ್ಕನ ಕೈ ಹಾಗಿತ್ತು. "ನಿಂದೂ ಬರುತ್ತೆ ಮಾರಕ್ಕ. ಯಾರಿಗೂ ಹೇಳ್ಬೇಡ," ಎಂದ.

ಮೂರನೆಯವನಾಗಿ ಭಾಮೈದ ಶ್ರೀರಾಮಪ್ಪ ಕೃಷ್ಣರಾಜಪುರದಿಂದ ಗಾಡಿ ಕಟ್ಟಿಕೊಂಡು ಬಂದ. ಬರುವಾಗ ಹಲಸಿನ ಹಣ್ಣು ತಂದಿದ್ದ. ಶ್ರೀರಾಮಪ್ಪ ಕಾರಣವಿಲ್ಲದೆ ಹಣ್ಣು ತರುವವರ ಪೈಕಿಯಲ್ಲ.

"ಬಾವ, ಊರೋರಿಗೆಲ್ಲ ಹಂಚ್ತಾ ಇದೀರಿ. ಹೆಣ್ಣು ಕೊಟ್ಟ ಮನೆ ನೆನಪಾಗ್ಲಿಲ್ವಾ?"

"ಏನು ಹಂಚ್ತಾ ಇದೀನಿ ಶ್ರೀರಾಮು?"

"ಮಂಟಪ. ನಮ್ಮ ತಾತ ಕೋಲಾರದ ಕಡೆ ಹೋಗ್ತಾ ಬರ್ತಾ ಅಲ್ಲೇ ಮಲಗ್ತಿದ್ನಂತೆ. ಕಟ್ಟಿಸದೇ ಇರೋನು ಯಾಕೆ ಮಲಗ್ತಾನೆ?"

ಪಿಳ್ಳಮ್ಮ ಹಣ್ಣಿನ ತೊಳೆ ಬಿಡಿಸುತ್ತಾ, "ನಮ್ಮ ತಾತ ಕಂಡ ಕಂಡ ಕಡೆ ಮಲಗ್ತಿದ್ದ. ಹಂಗಂತ ಮಾರಿಗುಡಿ ಕಟ್ಟಿಸಿದ್ದೂ ಅವನೇನಾ?" ಎಂದಳು. ತವರಿನ ಚರಿತ್ರೆಯನ್ನು ಹೀಗೆ ಬಯಲಿಗೆಳೆದ ಅಕ್ಕನನ್ನು ಶ್ರೀರಾಮಪ್ಪ ಕಣ್ಣು ಕೆಕ್ಕರಿಸಿ ನೋಡಿದ. ಆದರೆ ಎತ್ತಿನ ಗಾಡಿಯ ಜವಾಬ್ದಾರಿ ಹೊತ್ತುಕೊಂಡ. ಗಾಡಿ ಬೇಕೇಬೇಕಾಗಿತ್ತು. ಮುನಿಕೃಷ್ಣಪ್ಪ ಅವನಿಗೂ ಗುಟ್ಟಾಗಿ ತಲೆಯಾಡಿಸಿದ.

ಆಮೇಲೆ ಚಂದಾ ತಾನಾಗಿಯೇ ಬರತೊಡಗಿತು. ಇಷ್ಟು ದಿನ ಮಂಟಪದ ಕಡೆ ತಿರುಗಿ ನೋಡದವರಿಗೆಲ್ಲ ಪೂರ್ವಿಕರು ಹುಟ್ಟಿಕೊಂಡರು. ಮುನಿಕೃಷ್ಣಪ್ಪ ಎಲ್ಲರಿಗೂ ಆಗಲಿ ಎಂದ. ಅವನ ಲೆಕ್ಕ ಇಷ್ಟೇ: ಸ್ಲೈಡು ಒಂದು ಗಳಿಗೆ ನಿಂತು ಹೋಗುವಂಥದ್ದು. ಅದರ ಬೆನ್ನಿಗೇ ಪಾಳೆಯಗಾರ ಕತ್ತಿ ಹಿಡಿದು ಬಂದರೆ ಮುತ್ತಾತಂದಿರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಸ್ಲೈಡುಗಳನ್ನು ಬರೆಯುತ್ತಾ ಬರೆಯುತ್ತಾ ಸನಾವುಲ್ಲಾ ಕೂಡ ತನ್ನ ಪೂರ್ವಿಕರನ್ನು ನೆನೆಯತೊಡಗಿದ. ಒಂದು ದಿನ ಕುಂಚ ಕೆಳಗಿಟ್ಟು ನಿಟ್ಟುಸಿರು ಬಿಟ್ಟ.

"ಸಾಬ್, ಒಂದು ಮಾತು. ಆ ಮಂಟಪದ ಮೇಲ್ಗಡೆ ಬಳ್ಳಿ ಕೆತ್ತಿದಾರಲ್ಲ, ನಮ್ಮನೆ ಬಾಗ್ಲಲ್ಲೂ ಸೇಮ್ ಬಳ್ಳಿ ಇದೆ."

"ಅದಕ್ಕೆ?"

"ನಮ್ ಪರದಾದಾ, ಅಂದ್ರೆ ಮುತ್ತಾತನ ಕೆಲಸ ಅನ್ಸುತ್ತೆ. ಮಿಷಿನ್ ಬಾಡಿಗೆ ಬೇಡ. ನಂದೂ ಒಂದು ಸ್ಲೈಡು ಹಾಕ್ಕೋತೀನಿ."

ಅಮಾವಾಸ್ಯೆಯ ಸಂಜೆ ಕೆರೆ ಏರಿಯ ಪಕ್ಕದ ಬಯಲಿನಲ್ಲಿ ಪರದೆ ಎದ್ದಿತು. ಹಲಸೂರಿಗೆ ಹಲಸೂರೇ ಬಂದಿತ್ತು. ದೊಮ್ಮಲೂರಿನಿಂದ ಚಾಪೆ ಸಮೇತ ಬಂದವರಿದ್ದರು. ಮೊದಲಿಯಾರರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಹಿಂದೆ ಹಾರೆ ಹಿಡಿದ ಕೂಲಿಗಳೂ ಸಿನಿಮಾ ನೋಡಲು ಕೂತಿದ್ದರು. ಬೆಳಿಗ್ಗೆಯ ಕೆಲಸಕ್ಕೆ ಸಂಜೆಯೇ ಬಂದಿದ್ದರು ಪಾಪ.

ಮುನಿಕೃಷ್ಣಪ್ಪ ಭಾಷಣಕ್ಕೆ ನಿಂತ. "ಮಹಾಜನಗಳೇ, ನಮ್ಮ ಚರಿತ್ರೇನ ನಾವೇ ಉಳಿಸ್ಕೋಬೇಕು..." ಎನ್ನುವಷ್ಟರಲ್ಲಿ ಇಂಜಿನ್ನು ಗುಡುಗಿತು, ಉಳಿದದ್ದು ಯಾರಿಗೂ ಕೇಳಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ.

ಮೊದಲ ಸ್ಲೈಡು ಬಂತು. 'ಮಂಟಪವನ್ನು ಕಟ್ಟಿಸಿದವರು ಚಿಕ್ಕವೆಂಕಟಪ್ಪನವರ ಮುತ್ತಾತ.' ಓದು ಬಲ್ಲವರು ಗಟ್ಟಿಯಾಗಿ ಓದಿದರು. ಚಿಕ್ಕವೆಂಕಟಪ್ಪನವರು ಎದ್ದು ನಾಲ್ಕೂ ದಿಕ್ಕಿಗೆ ಕೈ ಮುಗಿದರು. ಅವರು ಇನ್ನೂ ಮೂರನೆಯ ದಿಕ್ಕಿನಲ್ಲಿರುವಾಗ ಎರಡನೆಯ ಸ್ಲೈಡು ಬಂತು. 'ಮಂಟಪವನ್ನು ಕಟ್ಟಿಸಿದವಳು ಮಾರಕ್ಕನ ಅಜ್ಜಿ.'

ನಾಲ್ಕನೆಯ ದಿಕ್ಕಿಗೆ ನಮಸ್ಕಾರ ಸಲ್ಲಲಿಲ್ಲ.

"ಯಾವಳೇ ಅವಳು?" ಎಂದರು ಚಿಕ್ಕವೆಂಕಟಪ್ಪನವರು.

"ನಮ್ಮಜ್ಜಿ ಕಣಯ್ಯಾ! ನಿಮ್ಮ ಮುತ್ತಾತನಿಗೆ ಸಾಲ ಕೊಟ್ಟೋಳು!"

ಮೂರನೆಯದು ಶ್ರೀರಾಮಪ್ಪನ ತಾತ. ನಾಲ್ಕನೆಯದು ಬಂದಾಗ ಶ್ರೀರಾಮಪ್ಪ ಪರದೆಯ ಮುಂದೆ ನಿಂತು ಕೈ ಬೀಸುತ್ತಿದ್ದುದರಿಂದ ಅದು ಅವನ ಬೆನ್ನಿನ ಮೇಲೆಯೇ ಮೂಡಿತು. ಜನ ಅವನ ಅಂಗಿಯನ್ನು ಹಿಡಿದೆಳೆದು ಓದಿದರು. ಆಮೇಲೆ ಬಂದ ಮುತ್ತಾತಂದಿರಿಗೆ ಪರದೆಯೂ ಸಿಗಲಿಲ್ಲ, ಗೌರವವೂ ಸಿಗಲಿಲ್ಲ. ಸನಾವುಲ್ಲಾನ ಸ್ಲೈಡು ಬಂದಾಗಲಂತೂ, "ಮಿಷಿನ್ನೋನೂ ಸೇರ್ಕೊಂಡ್ನಾ!" ಎಂದು ಎಲ್ಲರೂ ಹಿಂದಕ್ಕೆ ತಿರುಗಿದರು. ಸನಾವುಲ್ಲಾ ಯಂತ್ರವನ್ನು ಅಪ್ಪಿಕೊಂಡು, "ನಮ್ಮನೆ ಬಾಗ್ಲು ನೋಡ್ಬನ್ನಿ! ಬಾಗ್ಲು ಸುಳ್ಳು ಹೇಳುತ್ತಾ?" ಎಂದು ಕೂಗಿದ.

ಎಲ್ಲರೂ ಒಟ್ಟಾಗಿ ಮೊದಲಿಯಾರರ ಕುರ್ಚಿಯನ್ನು ಮುತ್ತಿದರು.

"ಸ್ವಾಮಿ, ಬರ್ಕೊಳ್ಳಿ! ನನ್ನ ತಕರಾರಿದೆ!"

"ನಂದೂ ಬರ್ಕೊಳಪ್ಪಾ, ಆಮ್ಯಾಕೆ ಮರ್ತ್‌ಬಿಡ್ತೀಯ!"

"ಮೊದಲು ನಂದು!"

ಮೊದಲಿಯಾರರ ಮುಖದಲ್ಲಿ ಆದ ಬದಲಾವಣೆಯನ್ನು ಮುನಿಕೃಷ್ಣಪ್ಪ ಲಾಟೀನಿನ ಬೆಳಕಿನಲ್ಲಿ ನೋಡಿದ. ಚರಿತ್ರೆ ಎಂದಾಗ ಆ ಮುಖದಲ್ಲಿ ನಗುವಿತ್ತು. ತಕರಾರು ಎಂದ ಕೂಡಲೆ ಅಲ್ಲಿ ಭಯಭಕ್ತಿ ಮೂಡಿತು.

"ತಕರಾರಾ? ಇಷ್ಟು ಜನದ್ದಾ? ಕಡವುಳೇ!" ಅವರು ಎದ್ದು ನಿಂತರು. "ತಕರಾರಿನ ಸ್ವತ್ತಿಗೆ ಕೈ ಹಾಕಿದ್ರೆ ನಾಳೆ ನನ್ನನ್ನ ಕೋರ್ಟ್ ಮೆಟ್ಟಿಲು ಹತ್ತಿಸ್ತಾರೆ. ಯಾರದು ಅಂತ ಕೋರ್ಟು ಹೇಳೋವರೆಗೂ ಒಂದು ಕಲ್ಲು ಅಲ್ಲಾಡೋ ಹಾಗಿಲ್ಲ. ಲೇ, ಹಾರೆ ಎತ್ಕೊಂಡು ಮನೆಗೆ ಹೋಗ್ರೋ!"

ಕೂಲಿಗಳು ಸಿನಿಮಾ ಮುಗಿಯದೆ ಹೋಗುವುದಿಲ್ಲ ಎಂದರು. ಅವರೂ ಪಿಳ್ಳಮ್ಮನೂ ಮುನಿಕೃಷ್ಣಪ್ಪನೂ ಬಿಟ್ಟರೆ ಚಿತ್ರ ನೋಡಿದವರು ಇಲ್ಲ. ಉಳಿದವರು ಮೊದಲಿಯಾರರನ್ನು ಸುತ್ತುವರಿದು ತಮ್ಮ ತಮ್ಮ ವಂಶಾವಳಿ ಹೇಳುತ್ತಿದ್ದರು. ಪರದೆಯ ಮೇಲೆ ಪಾಳೆಯಗಾರ ಬಂದ, ಕತ್ತಿ ಎತ್ತಿದ. ಮಂಟಪವೂ ಬಂತು. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಚಿತ್ರದೊಳಗೂ ಗಾಳಿಯಿದ್ದಂತಿತ್ತು; ಪಾಳೆಯಗಾರ ನೆಟ್ಟಗೆ ನಿಂತಿದ್ದರೂ ಅವನ ಹಿಂದಿನ ಕಂಬಗಳು ಬಳುಕುತ್ತಿದ್ದವು.

"ರೀ," ಎಂದಳು ಪಿಳ್ಳಮ್ಮ ಮೆಲ್ಲಗೆ. "ನಿಮ್ಮ ಮಂಟಪ ಅಲ್ಲಾಡ್ತಾ ಇದೆಯಲ್ರೀ. ಬಟ್ಟೆ ಮೇಲೆ ಬರ್ದಿದಾರೆ."

"ಸುಮ್ನಿರೇ," ಎಂದ ಮುನಿಕೃಷ್ಣಪ್ಪ, "ಯಾರಾದ್ರೂ ನೋಡ್ಬಿಟ್ಟಾರು."

ಹೀಗೆ ಮಂಟಪ ಉಳಿಯಿತು. ಲಾರಿಗಳು ಹಿಂದಕ್ಕೆ ಮುಂದಕ್ಕೆ ಹೋಗಿ ಬೈದುಕೊಂಡು ತಿರುಗುತ್ತಿದ್ದವು. ಮೊದಲಿಯಾರರು ವಾರಕ್ಕೊಮ್ಮೆ ಬಂದು ಸೋಡಾ ಕುಡಿದು, ಮನೆಯ ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ, "ತಕರಾರು ಹೇಗಿದೆಯಪ್ಪಾ?" ಎಂದು ಕೇಳುತ್ತಿದ್ದರು. "ಚೆನ್ನಾಗಿದೆ ಸ್ವಾಮಿ, ನಿನ್ನೆ ಕೈ ಕೈ ಮಿಲಾಯಿಸೋವರೆಗೂ ಹೋಗಿತ್ತು," ಎಂದು ಮುನಿಕೃಷ್ಣಪ್ಪ ಹಿಗ್ಗಿನಿಂದ ಹೇಳುತ್ತಿದ್ದ.

ಆದರೆ ಹಲಸೂರಿನ ಜನ ಬಹಳ ದಿನ ಜಗಳವಾಡುವ ಜಾತಿಯವರಲ್ಲ. ಮಾರಕ್ಕ ಸೊಪ್ಪು ಕೊಡದೆ ಚಿಕ್ಕವೆಂಕಟಪ್ಪನವರ ಮನೆಯ ಸಾರು ಕೆಟ್ಟಿತು. ಚಿಕ್ಕವೆಂಕಟಪ್ಪನವರು ಸೌದೆ ಕೊಡದೆ ಮಾರಕ್ಕನ ಒಲೆ ಆರಿತು. ದೂರದ ಡಿಪೋದಿಂದ ಸೌದೆ ಹೊರುವುದು ಅವಳಿಗಾಗಲಿಲ್ಲ. ಇಬ್ಬರ ಸಂಕಟ ನೋಡಲಾರದೆ ಶ್ರೀರಾಮಪ್ಪ ನಡುವೆ ಬಂದ. ಒಂದು ದಿನ ಅವನು ಮುಖವರಳಿಸಿಕೊಂಡು ಅಂಗಡಿಗೆ ಬಂದ.

"ಬಾವ, ಸಿಹಿ ಸುದ್ದಿ! ಎಲ್ಲರೂ ರಾಜಿ ಆಗ್ತಾ ಇದೀವಿ. ಮಂಟಪ ಒಬ್ಬರದಲ್ಲ, ಯಾರ ಹೆಸರೂ ಬೇಡ ಅಂತ. ಭಾನುವಾರ ಬೆಳಿಗ್ಗೆ ಮಂಟಪದಲ್ಲೇ ಎಲೆ ಅಡಿಕೆ. ಓವರ್‌ಸೀಯರನ್ನೂ ಕರೆದಿದೀವಿ."

ಮುನಿಕೃಷ್ಣಪ್ಪ ತೊಳೆಯುತ್ತಿದ್ದ ಸೀಸೆಯನ್ನು ಅಲ್ಲೇ ಬಿಟ್ಟು ಎದ್ದ.

"ಅಯ್ಯೋ ಪಾಪಿ! ರಾಜಿ ಆದ್ರೆ ತಕರಾರು ಹೋಯ್ತು. ತಕರಾರು ಹೋದ್ರೆ ಮಂಟಪ ಹೋಯ್ತು!"

"ಮಂಟಪ ಹೆಂಗೆ ಹೋಗುತ್ತೆ ಬಾವ? ಪರದೆ ಮೇಲೆ ಬಂದಾಯ್ತಲ್ಲ. ಸರ್ಕಾರವೇ ಒಪ್ಕೊಂಡು ಹಾರೆ ವಾಪಸ್ ಕಳಿಸ್ಲಿಲ್ವಾ?"

ಮುನಿಕೃಷ್ಣಪ್ಪ ಸೌದೆ ಡಿಪೋಗೆ ಓಡಿದ. "ದಯವಿಟ್ಟು ಜಗಳ ಬಿಡ್ಬೇಡಿ ಯಜಮಾನ್ರೇ," ಎಂದು ಕೈ ಮುಗಿದ. ಚಿಕ್ಕವೆಂಕಟಪ್ಪನವರು ಅವನನ್ನು ಕೂರಿಸಿ ನೀರು ಕೊಟ್ಟರು. ಮಾರಕ್ಕನ ಬಳಿಗೆ ಹೋಗಿ, "ನಿನ್ನ ಅಜ್ಜಿ ಮರ್ಯಾದೆ ಏನಾಗ್ಬೇಕು?" ಎಂದ. "ಅಜ್ಜಿ ಸತ್ತು ಎಷ್ಟೋ ಕಾಲ ಆಯ್ತು, ನನ್ನ ಒಲೆ ಆರಿ ಹದಿನೈದು ದಿನ ಆಯ್ತು," ಎಂದಳು ಮಾರಕ್ಕ. ರಸೆಲ್ ಮಾರ್ಕೆಟ್ಟಿಗೆ ಹೋದರೆ ಸನಾವುಲ್ಲಾ, "ಸಾಬ್, ಹಲಸೂರೋರು ಸ್ಲೈಡ್ ಆರ್ಡರ್ ಕೊಡ್ತಾ ಇಲ್ಲ. ರಾಜೀನೇ ಒಳ್ಳೇದು," ಎಂದ. ಊರಿಗೆ ಜಗಳದ ಬೆಲೆ ತಿಳಿಸಲು ಹೊರಟವನನ್ನು ಊರು ಜಗಳಗಂಟ ಎಂದು ಕರೆಯಿತು.

ಭಾನುವಾರ ಬಂತು. ಮಂಟಪಕ್ಕೆ ಮಾವಿನ ತೋರಣ ಕಟ್ಟಿದ್ದರು. ಚಿಕ್ಕವೆಂಕಟಪ್ಪನವರೂ ಮಾರಕ್ಕನೂ ಅಕ್ಕಪಕ್ಕ ಕೂತು ಒಬ್ಬರ ಪೂರ್ವಿಕರನ್ನು ಇನ್ನೊಬ್ಬರು ಹೊಗಳುತ್ತಿದ್ದರು. ನೋಡಲು ಹಿತವಾದ ದೃಶ್ಯ. ಮುನಿಕೃಷ್ಣಪ್ಪ ಮಾತ್ರ ಒರೆಸಿದ ಸೀಸೆಯನ್ನೇ ಮತ್ತೆ ಒರೆಸುತ್ತಿದ್ದ.

ಮೊದಲಿಯಾರರು ಸೈಕಲ್ಲನ್ನು ಕಂಬಕ್ಕೆ ಒರಗಿಸಿದರು. ಅವರ ಮುಖವೂ ಸಪ್ಪಗಿತ್ತು. "ಹಾಗಾದ್ರೆ ತಕರಾರು ಇಲ್ಲ ಅನ್ನಿ?"

"ಇಲ್ಲ ಸ್ವಾಮಿ," ಎಂದರು ಚಿಕ್ಕವೆಂಕಟಪ್ಪನವರು.

"ನಂದೂ ಇಲ್ಲ," ಎಂದಳು ಮಾರಕ್ಕ.

"ನಂದೂ ಇಲ್ಲ ಸಾಬ್."

"ಯಾರದ್ದೂ ಇಲ್ಲ?" ಮೊದಲಿಯಾರರು ಸುತ್ತ ನೋಡಿದರು. "ಕೊನೇ ಸಲ ಕೇಳ್ತಾ ಇದೀನಿ. ಆಮೇಲೆ ನನ್ನ ಕೈಲಿಲ್ಲ."

"ನಂದಿದೆ!"

ಎಲ್ಲರೂ ತಿರುಗಿದರು. ಮುನಿಕೃಷ್ಣಪ್ಪ ಸೋಡಾ ಪೆಟ್ಟಿಗೆಯ ಮೇಲೆ ಹತ್ತಿ ನಿಂತಿದ್ದ. ಹತ್ತಿದ ರಭಸಕ್ಕೆ ಪೆಟ್ಟಿಗೆಯೊಳಗಿನ ಸೀಸೆಗಳು ಇನ್ನೂ ಕಿಣಿಕಿಣಿ ಎನ್ನುತ್ತಿದ್ದವು.

"ನೀವೆಲ್ಲ ಹೇಳಿದ್ದು ಸುಳ್ಳು. ಈ ಮಂಟಪ ಕಟ್ಟಿಸಿದ್ದು ನಮ್ಮ ಮುತ್ತಾತ. ನಾನು ರಾಜಿ ಆಗಲ್ಲ. ಸಾಯೋವರೆಗೂ ಆಗಲ್ಲ!"

ಮಂಟಪ ಬಿರಿಯುವಂತೆ ಗದ್ದಲವೆದ್ದಿತು.

"ಥೂ! ನಮ್ಮ ಕಾಸಲ್ಲಿ ಬಯೋಸ್ಕೋಪ್ ತೋರ್ಸಿ, ಕೊನೇಗೆ ತಾನೇ ನುಂಗೋಕೆ ನೋಡ್ತಾನೆ!" ಎಂದರು ಚಿಕ್ಕವೆಂಕಟಪ್ಪನವರು.

"ನೀನು ಇಂಥೋನಾ ಮುನಿಕಿಟ್ಣ? ಇನ್ನು ನಿನ್ನ ಸೋಡಾ ಮುಟ್ಟಿದ್ರೆ ಕೇಳು!"

"ಬಾವ, ನಿಮ್ಮ ಮುತ್ತಾತನ ಹೆಸರು ಹೇಳಿ ನೋಡೋಣ!"

ಮುನಿಕೃಷ್ಣಪ್ಪ ಬಾಯಿ ತೆರೆದ. ಹೆಸರು ಬರಲಿಲ್ಲ. ಮೊದಲಿಯಾರರು ಟೋಪಿ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದರು. ಮಾರಕ್ಕ ಗುಂಪಿನ ಹಿಂದೆ ನಿಂತಿದ್ದ ಪಿಳ್ಳಮ್ಮನನ್ನು ಕೈ ಹಿಡಿದು ಮುಂದಕ್ಕೆ ಎಳೆತಂದಳು.

"ನೀನು ಸುಳ್ಳಾಡೋಳಲ್ಲ ಕಣಮ್ಮ. ಹೇಳು, ನಿನ್ನ ಗಂಡನ ಮುತ್ತಾತ ಇದನ್ನ ಕಟ್ಟಿಸಿದ್ನಾ?"

ಪಿಳ್ಳಮ್ಮ ಗಂಡನನ್ನು ನೋಡಿದಳು. ಮದುವೆಯಾದಂದಿನಿಂದ ನಾಲ್ಕು ಜನರೆದುರು ಅವಳು ಅವನ ಮಾತನ್ನು ಒಪ್ಪಿದ್ದಿಲ್ಲ. ಅವನೂ ಅದನ್ನು ನಿರೀಕ್ಷಿಸುತ್ತಿರಲಿಲ್ಲ. ಅವಳು ತಟ್ಟೆಯಿಂದ ಒಂದು ಎಲೆ ಎತ್ತಿಕೊಂಡು, ತೊಟ್ಟು ಮುರಿದು, ನಿಧಾನವಾಗಿ ಸುಣ್ಣ ಹಚ್ಚಿದಳು.

"ಮುತ್ತಾತ ಅಲ್ಲ," ಎಂದಳು. "ಮುತ್ತಾತನ ಅಪ್ಪ. ಇವರಿಗೆ ಯಾವುದೂ ನೆಟ್ಟಗೆ ನೆನಪಿರಲ್ಲ."

ಮೊದಲಿಯಾರರು ಟೋಪಿ ತೊಟ್ಟುಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ, ಸೈಕಲ್ ಹತ್ತಿದರು.

"ಅಷ್ಟು ಹಿಂದಿನ ತಕರಾರಾದ್ರೆ," ಎಂದರು, "ನನ್ನ ಸರ್ವೀಸಲ್ಲಿ ಮುಗಿಯೋದಲ್ಲ."